ಡಿಎನ್ಎ ಆಂಡ್ ಗೇಟ್: ಇನ್‌ಪುಟ್ ಹಾಕದೇ ಇದ್ರೂ ಔಟ್‌ಪುಟ್ ಬರ್ತಿದೆ

ಪ್ರಶ್ನೆ:
ನಮಸ್ಕಾರ ಎಲ್ರಿಗೂ. ಎಂಜೈಮ್ ಇಲ್ದೆ ಬರೀ ಸ್ಟ್ರಾಂಡ್ ಡಿಸ್‌ಪ್ಲೇಸ್‌ಮೆಂಟ್ (ಒಂದು ಡಿಎನ್ಎ ಎಳೆ, ಅಂದ್ರೆ ಸ್ಟ್ರಾಂಡ್, ಇನ್ನೊಂದನ್ನ ತಳ್ಳಿ ಅದರ ಜಾಗ ಹಿಡಿಯೋದು) ಮೇಲೆ ನಡಿಯೋ ಆಂಡ್ ಗೇಟ್ (ಎರಡೂ ಇನ್‌ಪುಟ್ ಬಂದ್ರೆ ಮಾತ್ರ ಔಟ್‌ಪುಟ್ ಕೊಡೋದು) ಮಾಡ್ತಿದೀನಿ, 2006ರಲ್ಲಿ ಸೀಲಿಗ್, ವಿನ್‌ಫ್ರೀ ತಂಡದವ್ರು ತೋರಿಸಿದ್ರಲ್ಲ ಆ ತರದ್ದು. ಮೂರು ಸ್ಟ್ರಾಂಡ್ ಸೇರಿ ಒಂದು ಗೇಟು, ಮೊದಲನೇ ಇನ್‌ಪುಟ್ ಬಂದ್ರೆ ಎರಡನೇದಕ್ಕೆ ಟೋಹೋಲ್ಡ್ (ಹೊಸ ಸ್ಟ್ರಾಂಡ್ ಮೊದ್ಲು ಹಿಡ್ಕೊಳೋ ಚಿಕ್ಕ ಒಂಟಿ ಎಳೆ ಭಾಗ) ತೆರ್ಕೊಳತ್ತೆ, ಎರಡನೇದೂ ಬಂದ್ರೆ ಔಟ್‌ಪುಟ್ ಬಿಚ್ಕೊಂಡು ರಿಪೋರ್ಟರ್‌ಗೆ (ಔಟ್‌ಪುಟ್ ಸಿಕ್ಕಿದ್ರೆ ಹೊಳೆಯೋ ಡಿಎನ್ಎಗೆ) ಹೋಗತ್ತೆ. ಎರಡೂ ಹಾಕಿದ್ರೆ ಫ್ಲೋರೆಸೆನ್ಸ್ ಚೆನ್ನಾಗೇ ಏರತ್ತೆ, ತೊಂದ್ರೆ ಏನಂದ್ರೆ ಒಂದೂ ಹಾಕದೇ ಇದ್ರೂ ಏರತ್ತೆ. ಟೋಹೋಲ್ಡ್ 6 ಬೇಸ್, ಮೆಗ್ನೀಸಿಯಮ್ 12.5 ಮಿಲಿಮೋಲಾರ್, 25 ಡಿಗ್ರಿ. ಟೋಹೋಲ್ಡ್ ಚಿಕ್ಕದು ಮಾಡ್ಲಾ?

ಉತ್ತರ:
ಟೋಹೋಲ್ಡ್ ಮುಟ್ಬೇಡಿ. ಅದನ್ನ ಚಿಕ್ಕದು ಮಾಡಿದ್ರೆ ನಿಜವಾದ ಸಿಗ್ನಲ್ಲೇ ನಿಧಾನ ಆಗತ್ತೆ, ಒಂದೊಂದು ಬೇಸ್ ಕಮ್ಮಿ ಆದ್ರೂ ವೇಗ ಸುಮಾರು ಹತ್ತು ಪಟ್ಟು ಬೀಳ್ಬಹುದು, ಲೀಕ್ (ಇನ್‌ಪುಟ್ ಇಲ್ದೇನೇ ಬರೋ ಔಟ್‌ಪುಟ್) ಮಾತ್ರ ಅಲ್ಲೇ ಇರತ್ತೆ.

ಮೊದ್ಲು ಗ್ರಾಫ್ ಹೇಗೆ ಏರ್ತಿದೆ ನೋಡಿ, ಅರ್ಧ ಉತ್ತರ ಅಲ್ಲೇ ಸಿಗತ್ತೆ. ಗೇಟ್ ಹಾಕಿದ ಕೂಡ್ಲೇ ಮೇಲಕ್ಕೆ ಹಾರಿ ಆಮೇಲೆ ಸಪಾಟಾಗಿ ನಿಂತ್ರೆ, ಗೇಟಿಗೆ ಅಂಟ್ಕೊಳ್ದೆ ಬಿಡಿಯಾಗಿ ಉಳಿದ ಔಟ್‌ಪುಟ್ ಸ್ಟ್ರಾಂಡ್ ಇದೆ ಅಂತರ್ಥ. ನಿಲ್ಲದೆ ನಿಧಾನಕ್ಕೆ ಏರ್ತಾನೇ ಇದ್ರೆ ಅದು ನಿಜವಾದ ಲೀಕ್: ಹೆಲಿಕ್ಸ್‌ನ ತುದಿ ಬೇಸ್‌ಗಳು ಆಗಾಗ ಬಿಚ್ಕೊತಾವೆ, ಆ ಸಂದಿಲಿ ಬೇರೆ ಸ್ಟ್ರಾಂಡ್ ನುಗ್ಗತ್ತೆ. ಬರೀ ರಿಪೋರ್ಟರ್ ಮಾತ್ರ ಇಟ್ಟು ಒಂದು ಕಂಟ್ರೋಲ್ ಕೂಡ ನಡೆಸಿ, ಅದೇ ಏರಿದ್ರೆ ಗೇಟಿನ ತಪ್ಪಲ್ಲ.

ಪ್ರಶ್ನೆ ಕೇಳಿದವರು:
ರಿಪೋರ್ಟರ್ ಒಂದೇ ಇಟ್ಟಾಗ ಗೆರೆ ಅಲ್ಲಾಡಲ್ಲ ಸರ್. ಗೇಟ್ ಜೊತೆ ಹಾಕಿದ್ರೆ ಮೊದ್ಲು ಒಂದು ಜಿಗಿತ, ಆಮೇಲೆ ನಿಧಾನದ ಏರಿಕೆ, ಎರಡೂ ಇದೆ. ನೇಟಿವ್ ಪೇಜ್ ಜೆಲ್‌ನಲ್ಲಿ (ಜೋಡಿ ಬಿಚ್ಚದೇನೇ ಡಿಎನ್ಎ ತುಣುಕುಗಳನ್ನ ಬೇರೆ ಬೇರೆ ಪಟ್ಟಿ ಮಾಡಿ ತೋರ್ಸೋ ಜೆಲ್) ಗೇಟ್ ಬ್ಯಾಂಡ್ ಕೆಳಗೆ ಇನ್ನೊಂದು ಮಸುಕು ಬ್ಯಾಂಡ್ ಕಾಣ್ತಿದೆ.

ಉತ್ತರ:
ಹಾಗಾದ್ರೆ ಒಂದೊಂದಾಗಿ ಸರಿ ಮಾಡಿ. ಸ್ಟ್ರಾಂಡ್‌ಗಳನ್ನ ಶುದ್ಧ ಮಾಡಿ ತರಿಸಿದ್ರೂ ಸಾಲಲ್ಲ, ಅನೀಲ್ (ಬಿಸಿ ಮಾಡಿ ನಿಧಾನಕ್ಕೆ ತಣಿಸಿ ಸ್ಟ್ರಾಂಡ್ ಜೋಡಿಸೋದು) ಆದ್ಮೇಲೆ ಪೂರ್ತಿ ಗೇಟನ್ನೇ ಜೆಲ್‌ನಲ್ಲಿ ಓಡಿಸಿ ಗೇಟಿನ ಬ್ಯಾಂಡ್ ಮಾತ್ರ ಕತ್ತರಿಸಿ ತಗೀಬೇಕು. ಜೆಲ್ ತುಂಡನ್ನ ಮೆಗ್ನೀಸಿಯಮ್ ಇರೋ ಬಫರ್‌ನಲ್ಲೇ ನೆನೆಸಿ, ಬಿಸಿ ಮಾಡ್ಬೇಡಿ, ಗೇಟ್ ಬಿಚ್ಚಿ ಹೋಗತ್ತೆ. ಆಮೇಲೆ 260 ನ್ಯಾನೊಮೀಟರ್ ಬೆಳಕಿನಲ್ಲಿ ಸಾಂದ್ರತೆ ಮತ್ತೆ ಅಳೀರಿ, ಯಾಕಂದ್ರೆ ಕೈಗೆ ಸಿಗೋದು ಹಾಕಿದ್ದಕ್ಕಿಂತ ಕಮ್ಮಿನೇ. ಜಿಗಿತ ಇದರಲ್ಲೇ ಬಹುಪಾಲು ಹೋಗತ್ತೆ.

ನಿಧಾನದ ಏರಿಕೆಗೆ ಸೀಕ್ವೆನ್ಸ್ ಬದಲಾಯಿಸ್ಬೇಕು, ಹೆಲಿಕ್ಸ್ ತುದಿಗೆ ಎರಡು ಮೂರು ಜಿ-ಸಿ ಜೋಡಿ ಕ್ಲ್ಯಾಂಪ್ (ತುದಿ ಬಿಚ್ಕೊಳ್ದಂಗೆ ಬಿಗಿ ಹಿಡಿಯೋ ಬೇಸ್ ಜೋಡಿ) ಸೇರಿಸಿ ನ್ಯೂಪ್ಯಾಕ್ ಅನ್ನೋ ಡಿಎನ್ಎ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಓಡಿಸಿ ನೋಡಿ. ಅಷ್ಟಾದ್ರೂ ಚೂರು ಉಳಿಯತ್ತೆ, ಅದಕ್ಕೆ ಥ್ರೆಶೋಲ್ಡ್ ಕಾಂಪ್ಲೆಕ್ಸ್ ಹಾಕಿ. ಅದರ ಟೋಹೋಲ್ಡ್ ಉದ್ದ ಇರೋದ್ರಿಂದ ಲೀಕ್ ಆದ ಔಟ್‌ಪುಟ್ಟನ್ನ ರಿಪೋರ್ಟರ್‌ಗಿಂತ ಮೊದ್ಲು ಅದೇ ಹಿಡ್ಕೊಳತ್ತೆ. 2011ರಲ್ಲಿ ಚಿಯಾನ್, ವಿನ್‌ಫ್ರೀ 130 ಸ್ಟ್ರಾಂಡ್ ಇಟ್ಕೊಂಡು ನಾಲ್ಕು ಬಿಟ್ ಸಂಖ್ಯೆಯ ವರ್ಗಮೂಲ ತೆಗೆದ್ರಲ್ಲ, ಆ ಸರ್ಕ್ಯೂಟ್‌ನಲ್ಲೂ ಥ್ರೆಶೋಲ್ಡ್ ಇತ್ತು. ಆದ್ರೆ ಥ್ರೆಶೋಲ್ಡ್ ಪ್ರಮಾಣ ಈಗ್ಲೇ ನಿರ್ಧರಿಸ್ಬೇಡಿ, ಶುದ್ಧ ಮಾಡಿದ ಗೇಟಿನ ಲೀಕ್ ಅಳೆದ್ಮೇಲೆ ಲೆಕ್ಕ ಹಾಕಿ. ಜಾಸ್ತಿ ಆದ್ರೆ ನಿಜವಾದ ಸಿಗ್ನಲ್ಲನ್ನೂ ನುಂಗ್ಬಿಡತ್ತೆ.