ಆಸ್ಟ್ರೇಲಿಯಾದ ದೊಡ್ಡ ಸೆಡಾನ್‌ಗಳು: ಜನ ಬಿಟ್ಟದ್ದು ಮೊದಲೋ, ಕಾರ್ಖಾನೆ ಮುಚ್ಚಿದ್ದು ಮೊದಲೋ?

ಪ್ರಶ್ನೆ

ನಾನು ಮೆಲ್ಬರ್ನ್‌ಗೆ ಬಂದು ಎರಡು ವರ್ಷವಾಯಿತು. ಕಳೆದ ತಿಂಗಳು ನೆರೆಮನೆಯ ಹಿರಿಯರು ತಮ್ಮ 2004ರ ಫೋರ್ಡ್ ಫಾಲ್ಕನ್‌ನಲ್ಲಿ ನಮ್ಮನ್ನು ಬೆಂಡಿಗೊಗೆ ಕರೆದುಕೊಂಡು ಹೋಗಿ ಬಂದರು. ಹಿಂದಿನ ಸೀಟಿನಲ್ಲಿ ಮೂವರು ದೊಡ್ಡವರು ಒಬ್ಬರಿಗೊಬ್ಬರು ಒತ್ತಿಕೊಳ್ಳದೆ ಕುಳಿತಿದ್ದೆವು. ಗಂಟೆಗೆ 110 ಕಿ.ಮೀ. ವೇಗದಲ್ಲಿಯೂ ಮಾತಾಡಲು ದನಿ ಏರಿಸಬೇಕಾಗಲಿಲ್ಲ. ಇಂಥ ಕಾರು ಈಗ ಹೊಸದಾಗಿ ಏಕೆ ಸಿಗುವುದಿಲ್ಲ ಎಂದು ಕೇಳಿದ್ದಕ್ಕೆ, ಸರ್ಕಾರ ಕೈಬಿಟ್ಟಿತು, ಕಾರ್ಖಾನೆ ಮುಚ್ಚಿತು ಎಂದಷ್ಟೇ ಹೇಳಿ ಅವರು ಸುಮ್ಮನಾದರು. ಕೊಳ್ಳುವವರಿಲ್ಲದೆ ಕಾರ್ಖಾನೆ ಮುಚ್ಚಿತೋ, ಅಥವಾ ಕಾರ್ಖಾನೆ ಮುಚ್ಚಿದ ಮೇಲೆ ಜನ ಬೇರೆ ದಾರಿಯಿಲ್ಲದೆ ಇತರ ಕಾರುಗಳತ್ತ ಹೋದರೋ? ಬಲ್ಲವರು ತಿಳಿಸಬೇಕು.

ಉತ್ತರ 1

ಜನ ಬಿಟ್ಟದ್ದೇ ಮೊದಲು, ಅದರಲ್ಲಿ ನನಗೆ ಸಂಶಯವಿಲ್ಲ. ಫಾಲ್ಕನ್‌ನ ಎದುರಾಳಿಯಾಗಿದ್ದ ದೊಡ್ಡ ಕಾರು ಹೋಲ್ಡನ್ ಕಮೋಡೋರ್ 1996ರಿಂದ 2010ರವರೆಗೆ ಸತತ 15 ವರ್ಷ ಈ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು. 1998ರ ಒಂದೇ ವರ್ಷದಲ್ಲಿ 94,000ಕ್ಕೂ ಹೆಚ್ಚು ಕಮೋಡೋರ್‌ಗಳು ಮಾರಾಟವಾದವು. 2011ರಲ್ಲಿ ಮೊದಲ ಸ್ಥಾನ ಮಜ್ದಾ 3 ಎಂಬ ಸಣ್ಣ ಕಾರಿನ ಪಾಲಾಯಿತು, 2012ರ ಹೊತ್ತಿಗೆ ಕಮೋಡೋರ್ ಮಾರಾಟ ಸುಮಾರು 30,000ಕ್ಕೆ, ಫಾಲ್ಕನ್ ಮಾರಾಟ ಸುಮಾರು 14,000ಕ್ಕೆ ಕುಸಿದಿತ್ತು. ಮೆಲ್ಬರ್ನ್‌ನ ಬ್ರಾಡ್‌ಮೆಡೋಸ್ ಕಾರ್ಖಾನೆಯಲ್ಲಿ ಕೊನೆಯ ಫಾಲ್ಕನ್ ಹೊರಬಂದದ್ದು 2016ರ ಅಕ್ಟೋಬರ್ 7ರಂದು, ಅಡಿಲೇಡ್‌ನ ಎಲಿಜಬೆತ್ ಕಾರ್ಖಾನೆಯಲ್ಲಿ ಕೊನೆಯ ಕಮೋಡೋರ್ ಹೊರಬಂದದ್ದು 2017ರ ಅಕ್ಟೋಬರ್ 20ರಂದು. ಬಾಗಿಲು ಮುಚ್ಚುವ ಎಷ್ಟೋ ವರ್ಷ ಮೊದಲೇ ಗಿರಾಕಿ ಹೊರಟುಹೋಗಿದ್ದ.

ಆದರೆ ಆ ಗಿರಾಕಿ ಯಾರು ಎಂಬುದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಕುಟುಂಬದ ಕಾರು ಎಂದು ಹೆಸರಾದರೂ, ಹೊಸ ಕಾರುಗಳಲ್ಲಿ ದೊಡ್ಡ ಪಾಲು ಹೋಗುತ್ತಿದ್ದದ್ದು ಕಂಪನಿಗಳಿಗೆ, ಸರ್ಕಾರಿ ಇಲಾಖೆಗಳಿಗೆ, ಪೊಲೀಸರಿಗೆ ಮತ್ತು ಟ್ಯಾಕ್ಸಿಗಳಿಗೆ. ಸಂಬಳದ ಜೊತೆ ಕಾರು ಕೊಡುವ ಪದ್ಧತಿಯಲ್ಲಿ, ವರ್ಷಕ್ಕೆ ಹೆಚ್ಚು ಕಿಲೋಮೀಟರ್ ಓಡಿಸಿದಷ್ಟೂ ತೆರಿಗೆ ಕಡಿಮೆಯಾಗುವ ನಿಯಮವಿತ್ತು. 2011ರಲ್ಲಿ ಅದನ್ನು ಬದಲಿಸಿ ಎಲ್ಲರಿಗೂ ಒಂದೇ 20 ಶೇಕಡಾ ದರದತ್ತ ತರಲಾಯಿತು. ಎರಡು ಮೂರು ವರ್ಷ ಓಡಿದ ಕಂಪನಿ ಕಾರುಗಳು ಹರಾಜಿಗೆ ಬಂದು ಸಾಮಾನ್ಯ ಮನೆಗಳನ್ನು ಸೇರುತ್ತಿದ್ದವು. ಆ ಮೇಲಿನ ತೊರೆ ಬತ್ತಿದಾಗ ಕೆಳಗಿನವರಿಗೂ ನೀರು ನಿಂತಿತು.

ಇನ್ನು ಮಕ್ಕಳಿದ್ದವರು 2004ರಲ್ಲಿಯೇ ಬೇರೆ ದಾರಿ ಹಿಡಿದಿದ್ದರು. ಫೋರ್ಡ್ ತನ್ನ ಫಾಲ್ಕನ್‌ನ ಬುನಾದಿಯ ಮೇಲೆಯೇ ಟೆರಿಟರಿ ಎಂಬ ಎತ್ತರದ ಕಾರನ್ನು ಕಟ್ಟಿತು. ಸೆಡಾನ್‌ನ ಹಿಂದಿನ ಸೀಟಿಗೆ ಮಗುವನ್ನು ಕಟ್ಟಬೇಕಾದರೆ ಸೊಂಟ ಬಗ್ಗಿಸಿ, ತಲೆಯನ್ನು ಬಾಗಿಲಿನ ಚೌಕಟ್ಟಿಗೆ ತಾಗಿಸಿಕೊಂಡು ಬೆಲ್ಟಿನ ಕೊಂಡಿಗಾಗಿ ತಡಕಾಡಬೇಕು. ಟೆರಿಟರಿಯಲ್ಲಿ ನಿಂತಲ್ಲೇ ಆ ಕೆಲಸ ಮುಗಿಯುತ್ತಿತ್ತು. ಎರಡನ್ನೂ ಅನುಭವಿಸಿದವನಾಗಿ ಹೇಳುತ್ತೇನೆ, ಅದನ್ನು ಒಮ್ಮೆ ಕಂಡ ಮನೆ ಮತ್ತೆ ಸೆಡಾನ್‌ಗೆ ಮರಳುವುದು ಕಷ್ಟ.

ಉತ್ತರ 2

ಮೇಲಿನವರು ಹೇಳಿದ್ದು ನಿಜವಾದರೂ, ಜನ ಬಿಟ್ಟರು ಎಂದಷ್ಟೇ ಹೇಳಿದರೆ ಜನರ ಮುಂದೆ ಇಟ್ಟಿದ್ದ ಬೆಲೆಯ ವಿಷಯ ಮರೆತಂತಾಗುತ್ತದೆ. 1980ರ ದಶಕದ ಮಧ್ಯದಲ್ಲಿ ಆಮದು ಕಾರಿನ ಮೇಲೆ 57.5 ಶೇಕಡಾ ಸುಂಕವಿತ್ತು. ಅದು 2000ದಲ್ಲಿ 15ಕ್ಕೆ, 2005ರಲ್ಲಿ 10ಕ್ಕೆ, 2010ರಲ್ಲಿ 5ಕ್ಕೆ ಇಳಿಯಿತು. 2005ರಲ್ಲಿ ಥಾಯ್ಲೆಂಡ್ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದಿತು. ಅಲ್ಲಿನ ವಾಹನಗಳು ಇಲ್ಲಿಗೆ ಧಾರಾಳವಾಗಿ ಬಂದವು, ಆದರೆ ಎಂಜಿನ್ ಗಾತ್ರ ನೋಡಿ ಹಾಕುವ ಅಲ್ಲಿನ ತೆರಿಗೆಯಿಂದಾಗಿ ಇಲ್ಲಿನ ದೊಡ್ಡ ಎಂಜಿನ್ ಕಾರುಗಳಿಗೆ ಅಲ್ಲಿ ಜಾಗವಿರಲಿಲ್ಲ. 2010ರ ಕೊನೆಯ ಹೊತ್ತಿಗೆ ಆಸ್ಟ್ರೇಲಿಯಾದ ಡಾಲರ್ ಅಮೆರಿಕದ ಡಾಲರಿಗೆ ಸಮನಾಗಿ, ಕೆಲವೊಮ್ಮೆ ಅದನ್ನೂ ಮೀರಿ ನಿಂತಿತು. ಆಮದು ಕಾರು ಅಗ್ಗವಾಯಿತು, ರಫ್ತು ದುಬಾರಿಯಾಯಿತು. ಕಮೋಡೋರ್ ಅಮೆರಿಕದಲ್ಲಿ ಪಾಂಟಿಯಾಕ್ ಜಿ8 ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದರೂ, 2009ರಲ್ಲಿ ಹೋಲ್ಡನ್‌ನ ಒಡೆಯ ಕಂಪನಿ ಜನರಲ್ ಮೋಟಾರ್ಸ್ ಪಾಂಟಿಯಾಕ್ ಬ್ರ್ಯಾಂಡನ್ನೇ ಮುಚ್ಚಲು ನಿರ್ಧರಿಸಿದ್ದರಿಂದ ಆ ಬಾಗಿಲೂ ಹಾಕಿಕೊಂಡಿತು.

ದೊಡ್ಡ ಕಾರುಗಳು ಸೋಲಲು ಪೆಟ್ರೋಲ್ ಬೆಲೆಯೇ ಕಾರಣ ಎಂದು ಕೆಲವರು ಹೇಳುವ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. 2012ರಲ್ಲಿ ಫೋರ್ಡ್ 2.0 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಎಂಜಿನ್ ಹಾಕಿದ ಫಾಲ್ಕನ್ ತಂದಿತು. ಹಗುರವಾದ ಮೂತಿ, ಚುರುಕಾದ ಸ್ಟೀರಿಂಗ್, ಕಡಿಮೆ ಇಂಧನ. ನನ್ನ ದೃಷ್ಟಿಯಲ್ಲಿ ಅದು ದಿನಬಳಕೆಗೆ ಒದಗಿದ ಅತ್ಯುತ್ತಮ ಫಾಲ್ಕನ್. ಅದನ್ನು ಕೊಂಡವರು ಬೆರಳೆಣಿಕೆಯಷ್ಟು ಮಂದಿ. ಹಳೆಯ ಅಭಿಮಾನಿಗೆ ಆರು ಸಿಲಿಂಡರೇ ಬೇಕಿತ್ತು, ಹೊಸ ಗಿರಾಕಿ ಫಾಲ್ಕನ್ ಎಂಬ ಹೆಸರು ಕಂಡರೇ ಆ ಕಡೆ ತಿರುಗುತ್ತಿರಲಿಲ್ಲ.

ಉತ್ತರ 3

ವಿದ್ಯಾರ್ಥಿಯಾಗಿದ್ದಾಗ ನಾನು ಇಲ್ಲಿ ರಾತ್ರಿ ಪಾಳಿಯಲ್ಲಿ ಗ್ಯಾಸ್ ಫಾಲ್ಕನ್ ಟ್ಯಾಕ್ಸಿ ಓಡಿಸಿದವನು. ಡಿಕ್ಕಿಯಲ್ಲಿ ಹಿಂದಿನ ಸೀಟಿಗೆ ಒರಗಿದಂತೆ ಗ್ಯಾಸಿನ ಸಿಲಿಂಡರ್ ಇರುತ್ತಿದ್ದದ್ದರಿಂದ ವಿಮಾನ ನಿಲ್ದಾಣದ ಪ್ರಯಾಣಿಕರ ಎರಡು ದೊಡ್ಡ ಸೂಟ್‌ಕೇಸ್ ಅದರಲ್ಲಿ ಹಿಡಿಸಿದರೆ, ಮೂರನೆಯದು ನನ್ನ ಪಕ್ಕದ ಸೀಟಿಗೆ ಬರುತ್ತಿತ್ತು. ಆದರೂ ಆ ಕಾರನ್ನು ಯಾರೂ ದೂರುತ್ತಿರಲಿಲ್ಲ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಮೇಲೂ 4.0 ಲೀಟರಿನ ಆ ಎಂಜಿನ್ ಕೀಲಿ ತಿರುಗಿಸಿದೊಡನೆ ಏಳುತ್ತಿತ್ತು, ಕೆಟ್ಟರೆ ಯಾವ ಹಳ್ಳಿಯ ಗ್ಯಾರೇಜಿನಲ್ಲಾದರೂ ಅದರ ಬಿಡಿಭಾಗ ಸಿಗುತ್ತಿತ್ತು.

2010ರ ಹೊತ್ತಿಗೆ ಟೊಯೋಟಾ ಮೆಲ್ಬರ್ನ್‌ನ ಆಲ್ಟೋನಾದಲ್ಲಿ, ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟರೂ ಇರುವ ಕ್ಯಾಮ್ರಿ ಹೈಬ್ರಿಡ್ ಸೆಡಾನ್ ತಯಾರಿಸತೊಡಗಿತ್ತು, 2011ರ ಡಿಸೆಂಬರಿನಿಂದ ಗ್ಯಾಸಿನ ಮೇಲೂ ಸುಂಕ ಬಿದ್ದಿತು. ಟ್ಯಾಕ್ಸಿ ಸಾಲಿನಲ್ಲಿ ನಾವು ಎಂಜಿನ್ ಗುರುಗುಟ್ಟಿಸಿಕೊಂಡು ಒಂದೊಂದೇ ಗಾಡಿಯಷ್ಟು ಮುಂದೆ ಸರಿಯುತ್ತಿದ್ದರೆ, ಪಕ್ಕದ ಕ್ಯಾಮ್ರಿ ಸದ್ದೇ ಇಲ್ಲದೆ ಜರುಗುತ್ತಿತ್ತು. ಪಾಳಿಯ ಕೊನೆಗೆ ಇಂಧನದ ರಸೀದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮಾಲೀಕರು ಯಾವುದನ್ನು ಕೊಂಡರೆಂದು ಬೇರೆ ಹೇಳಬೇಕಿಲ್ಲ. ಅಂದರೆ ಫಾಲ್ಕನ್ ಸೋತದ್ದು ಆಮದು ಕಾರಿಗೆ ಮಾತ್ರವಲ್ಲ, ಇಲ್ಲಿಯೇ ತಯಾರಾದ ಇನ್ನೊಂದು ಸೆಡಾನ್‌ಗೂ ಹೌದು.

ಆ ಕ್ಯಾಮ್ರಿಯೂ ಉಳಿಯಲಿಲ್ಲ ಎಂಬುದೇ ನನ್ನನ್ನು ಈಗಲೂ ನೋಯಿಸುತ್ತದೆ. ಅದಕ್ಕೆ ಮಧ್ಯಪ್ರಾಚ್ಯದ ರಫ್ತು ಮಾರುಕಟ್ಟೆಯಿತ್ತು. ಆದರೆ ಫೋರ್ಡ್ 2013ರ ಮೇ ತಿಂಗಳಲ್ಲಿ, ಹೋಲ್ಡನ್ ಅದೇ ಡಿಸೆಂಬರಿನಲ್ಲಿ ನಿರ್ಗಮನ ಪ್ರಕಟಿಸಿದ ಮೇಲೆ, ಮೂವರಿಗೂ ಬಿಡಿಭಾಗ ಒದಗಿಸುತ್ತಿದ್ದ ಕಂಪನಿಗಳು ಒಬ್ಬ ಗಿರಾಕಿಯನ್ನೇ ನಂಬಿ ನಡೆಯುವಂತಿರಲಿಲ್ಲ. 2014ರ ಫೆಬ್ರವರಿಯಲ್ಲಿ ಟೊಯೋಟಾ ಕೂಡ ಅದೇ ನಿರ್ಧಾರ ಹೇಳಿತು. ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರವಿದು: ಕಮೋಡೋರ್, ಫಾಲ್ಕನ್‌ಗಳ ಮಟ್ಟಿಗೆ ಜನ ಬಿಟ್ಟದ್ದು ಮೊದಲು, ಕ್ಯಾಮ್ರಿಯ ಮಟ್ಟಿಗೆ ಕಾರ್ಖಾನೆ ಮುಚ್ಚಿದ್ದೇ ಮೊದಲು.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಇದನ್ನೆಲ್ಲ ಓದಿದ ಮೇಲೆ ನೆರೆಮನೆಯವರನ್ನು ಮತ್ತೆ ವಿಚಾರಿಸಿದೆ. ಆ ಫಾಲ್ಕನ್ ಅವರು ಹೊಸದಾಗಿ ಕೊಂಡದ್ದಲ್ಲವಂತೆ. ಮೂರು ವರ್ಷ ಒಂದು ಕಂಪನಿಯಲ್ಲಿ ಓಡಿ, ಹರಾಜಿನಲ್ಲಿ ಅವರ ಕೈಗೆ ಬಂದದ್ದು. ಹೊಸ ಫಾಲ್ಕನ್ ಅನ್ನು ತಾವು ಜೀವಮಾನದಲ್ಲಿ ಒಮ್ಮೆಯೂ ಕೊಂಡಿಲ್ಲ ಎಂದು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು. ಅವರ ಮಗ ಈಗ ಓಡಿಸುವುದು ಫೋರ್ಡ್ ರೇಂಜರ್, ಮೆಲ್ಬರ್ನ್‌ನ ಎಂಜಿನಿಯರುಗಳು ರೂಪಿಸಿ ಥಾಯ್ಲೆಂಡ್‌ನಲ್ಲಿ ತಯಾರಾದದ್ದು.