ಹೀರೋಕ್ವೆಸ್ಟ್: ಪತ್ರಿಕೆಯಲ್ಲಿ ಬಂದ ಸಾಹಸಗಳು ಆಟದ ಭಾಗವೇ?

ಗುಹೆವಾಸಿ: 1989ರಲ್ಲಿ ಹೀರೋಕ್ವೆಸ್ಟ್ ಅನ್ನೋ ಬೋರ್ಡ್ ಆಟ ಬಂದಾಗ ಪೆಟ್ಟಿಗೆಯಲ್ಲಿ ಇದ್ದದ್ದು 14 ಸಾಹಸ, ಅಂದರೆ ಒಂದೊಂದಾಗಿ ಆಡೋ ಕಥೆಗಳು. ಅದೇ ವರ್ಷ ವೈಟ್ ಡ್ವಾರ್ಫ್ ಪತ್ರಿಕೆ ‘ಐಸ್ ಆಫ್ ಕೇಯಾಸ್’ ಅನ್ನೋ ಹೊಸ ಸಾಹಸ ಅಚ್ಚು ಹಾಕಿತು. ಆಮೇಲೆ ‘ಹಾಲ್ಸ್ ಆಫ್ ಡುರಾಗ್ ಡೋಲ್’ ಬಂತು. ಇವನ್ನು ಬಿಟ್ಟವರು ಅರ್ಧ ಆಟ ಆಡಿದ ಹಾಗೆ.

ಕಪ್ಪುಗುರಾಣಿ: ‘ಅರ್ಧ ಆಟ’ ಅಂತ ಸುಮ್ನೆ ಹೇಳಬೇಡಿ. ಕೆಲ್ಲರ್ಸ್ ಕೀಪ್ ನೋಡಿ. 10 ಸಾಹಸ, ಜೊತೆಗೆ ಗೊಂಬೆಗಳು. ಅದು ವಿಸ್ತರಣೆ. ಪತ್ರಿಕೆ ಕೊಟ್ಟಿದ್ದು ಬರೀ ಪುಟಗಳು. ಪೆಟ್ಟಿಗೆ ಮೇಲಿರೋದು ಮಿಲ್ಟನ್ ಬ್ರಾಡ್ಲಿ ಕಂಪನಿ ಹೆಸರು.

ದಾಳರಾಯ: ಹೆಸರು ಅದೊಂದೇ ಕಾಣಿಸಿತಾ? ಆಟ ಮಾಡಿದ್ದು ಗೇಮ್ಸ್ ವರ್ಕ್‌ಶಾಪ್ ಜೊತೆ ಸೇರಿ. ವೈಟ್ ಡ್ವಾರ್ಫ್ ಅವರದ್ದೇ ಪತ್ರಿಕೆ.

ಮಲೆನಾಡ ಎಲ್ಫ್: ಯಾರದ್ದಾದರೂ ಇರಲಿ. ನಮ್ಮ ಮನೆಯಲ್ಲಿ 2021ರಲ್ಲಿ ಮತ್ತೆ ಬಂದ ಪೆಟ್ಟಿಗೆ ಇಟ್ಟುಕೊಂಡು ಪತ್ರಿಕೆಯ ಸಾಹಸ ಆಡಿದೆವು. ಮಾಂತ್ರಿಕನಿಗೆ ಇರೋದೇ 4 ಬಾಡಿ ಪಾಯಿಂಟ್, ಅಂದರೆ ಜೀವದ ಅಂಕ. ಬೇಗ ಸತ್ತ. ಲೆಕ್ಕಾಚಾರವೇ ಸರಿಯಿಲ್ಲ.

ಗುಹೆವಾಸಿ: ‘ಲೆಕ್ಕಾಚಾರ’ ಕೆಟ್ಟಿರೋದು ನಿಮ್ಮ ಪೆಟ್ಟಿಗೆಯಲ್ಲಿ, ಮೇಡಂ. ಬ್ರಿಟಿಷ್ ಆವೃತ್ತಿಯಲ್ಲಿ ಎಲ್ಲ ರಾಕ್ಷಸರಿಗೂ 1 ಪಾಯಿಂಟ್. 1990ರ ಅಮೆರಿಕನ್ ಆವೃತ್ತಿಯಲ್ಲಿ ರಾಕ್ಷಸರಲ್ಲಿ ಒಬ್ಬನಾದ ಕೇಯಾಸ್ ವಾರಿಯರ್‌ಗೆ 3. ನಿಮ್ಮದು ಅದನ್ನೇ ಅನುಸರಿಸಿದೆ.

ಕಪ್ಪುಗುರಾಣಿ: 1 ಪಾಯಿಂಟ್! ಒಂದೇಟಿಗೆ ಬೀಳೋನು ಎಂಥ ರಾಕ್ಷಸ ಮಾರಾಯ್ರೆ? ಅಮೆರಿಕದವರು ಸರಿ ಮಾಡಿದ್ದಾರೆ.

ದಾಳರಾಯ: ‘ಒಂದೇಟಿಗೆ’ ಎಲ್ಲಿ ಬೀಳುತ್ತಾನೆ? ಕೇಯಾಸ್ ವಾರಿಯರ್ ನಾಲ್ಕು ದಾಳ ಹಾಕಿ ತಡೆಯುತ್ತಾನೆ. ಆದರೂ ಆಟಗಾರರ ವೀರ ಬಾರ್ಬೇರಿಯನ್‌ನ ಮೂರು ದಾಳಕ್ಕೆ ಸರಾಸರಿ ಒಂದೂವರೆ ಬುರುಡೆ, ಅಂದರೆ ಏಟು, ಬೀಳುತ್ತೆ. ರಾಕ್ಷಸನ ನಾಲ್ಕು ದಾಳದಲ್ಲಿ ಏಟು ತಡೆಯೋ ಕಪ್ಪು ಗುರಾಣಿ ಸರಾಸರಿ ಒಂದೂ ಬರಲ್ಲ. ಇಂಥವನಿಗೆ 3 ಪಾಯಿಂಟ್ ಕೊಟ್ಟರೆ ಒಂದು ಕೋಣೆಗೇ ಅರ್ಧ ಸಂಜೆ ಹೋಗುತ್ತೆ.

ಕಪ್ಪುಗುರಾಣಿ: ‘ಸರಾಸರಿ’ ಇಟ್ಟುಕೊಂಡು ಯಾರೂ ಆಡಲ್ಲ. ದಾಳ ಬಿದ್ದ ಹಾಗೆ ಆಡುತ್ತಾರೆ. ನೀವು ನಿಜವಾಗಿ ಆಡಿದ್ದೀರೋ, ಕಾಗದದ ಮೇಲೆ ಗುಣಿಸಿದ್ದೀರೋ?

ದಾಳರಾಯ: ನಾನು ಆಡಿದ್ದೀನೋ ಇಲ್ಲವೋ ಅಂತ ಕೇಳೋಕೆ ನೀವ್ಯಾರು? ಲೆಕ್ಕ ತಪ್ಪಿದ್ದರೆ ತೋರಿಸಿ.

ತುಳುನಾಡ ಡ್ವಾರ್ಫ್: ಜಗಳ ಯಾಕೆ? ಇದೇ ಥರದ ಇನ್ನೊಂದು ಆಟವಾದ ವಾರ್‌ಹ್ಯಾಮರ್ ಕ್ವೆಸ್ಟ್‌ಗೂ 1995ರ ನಂತರ ಪತ್ರಿಕೆಗಳಲ್ಲಿ ಹೊಸ ನಿಯಮಗಳು ಬಂದವು. ಆಟ ಅಂಗಡಿಯಿಂದ ಮಾಯವಾದ ಮೇಲೂ ಜನ ಅವನ್ನು ಹುಡುಕಿ ಆಡುತ್ತಾರೆ. ಹೀರೋಕ್ವೆಸ್ಟ್‌ಗೂ ಅದೇ ಆಗಿದ್ದು ಅಲ್ವಾ?

ಮಲೆನಾಡ ಎಲ್ಫ್: ‘ಹುಡುಕಿ’ ಆಡಬೇಕು ಅಂದರೆ ಹಳೇ ಸಂಚಿಕೆಗೆ ಜಾಸ್ತಿ ದುಡ್ಡು ಕೊಡಬೇಕು. ಕೊಟ್ಟು ತಂದರೂ ನನ್ನ ಪೆಟ್ಟಿಗೆಗೆ ಹೊಂದಲ್ಲ. ಮಾಂತ್ರಿಕನ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಗುಹೆವಾಸಿ: ಕೊಟ್ಟೆನಲ್ಲ! ಎಲ್ಲ ರಾಕ್ಷಸರಿಗೂ 1 ಪಾಯಿಂಟ್ ಇಟ್ಟು ಆಡಿ. ಮಾಂತ್ರಿಕ ಬದುಕುತ್ತಾನೆ.

ಕಪ್ಪುಗುರಾಣಿ: ಅಂದರೆ ನಿಯಮ ತಿದ್ದಿಕೊಂಡರೆ ಮಾತ್ರ ನಡೆಯೋ ಸಾಹಸ. ನಾನು ಮೊದಲಿಂದ ಹೇಳ್ತಾ ಇರೋದೂ ಅದೇ.

ಗುಹೆವಾಸಿ: ತಿದ್ದಿದ್ದು ಅಮೆರಿಕದವರು, 1990ರಲ್ಲಿ. ‘ಐಸ್ ಆಫ್ ಕೇಯಾಸ್’ 1989ರದ್ದು. ಮೊದಲು ಬಂದದ್ದು ಯಾವುದು? ಇದಕ್ಕೆ ನೇರವಾಗಿ ಉತ್ತರ ಕೊಡಿ.