ಸಹಾಯ ಬೇಕು: ಮರದ ಟ್ರಸ್‌ ಜೋಡಿಸುವ ಪ್ಲೇಟ್ ಎಲ್ಲಿ ಸಿಗುತ್ತೆ?

ಗೋವಾ ಕನ್ನಡಿಗರಿಗೆಲ್ಲ ನಮಸ್ಕಾರ. ಮಡಗಾಂವ್ ಹತ್ತಿರ ಮನೆ ಹಿಂದೆ ಮಂಗಳೂರು ಹೆಂಚಿನ ಮಾಡು ಹಾಕಿಸಬೇಕು. ಟ್ರಸ್‌ (ಮಾಡನ್ನು ಹೊರುವ ತ್ರಿಕೋನದ ಚೌಕಟ್ಟು) ಮರದ್ದೇ. ಕೀಲುಗಳಿಗೆ ಕಬ್ಬಿಣದ ಪ್ಲೇಟ್ ಹಾಕಿಸೋಣ ಅಂತ ಯೋಚನೆ.

ಮೊದಲು ಹಲ್ಲು ಹಲ್ಲಾಗಿರುವ ಪ್ಲೇಟ್ ನೋಡಿದ್ದೆ. ಅದನ್ನು ಕೀಲಿನ ಎರಡೂ ಕಡೆ ಇಟ್ಟು ಪ್ರೆಸ್‌ನಲ್ಲಿ ಒತ್ತಬೇಕು. ಸುಮ್ನೆ ಸುತ್ತಿಗೆಯಲ್ಲಿ ಬಡಿದರೆ ಹಲ್ಲು ಬಾಗುತ್ತೆ, ಹಿಡಿತ ಸಾಲಲ್ಲ. ಅದು ಪೈನ್‌ನಂಥ ಮೆದು ಮರಕ್ಕೆ ಸರಿ. ನಮ್ಮದು ಮತ್ತಿ ಮರ, ಮೊಳೆಯೇ ಸುಲಭಕ್ಕೆ ಇಳಿಯಲ್ಲ! ಹಾಗಾಗಿ ಎರಡೂ ಕಡೆ ಪ್ಲೇಟ್ ಇಟ್ಟು ಬೋಲ್ಟ್ ಹಾಕಿಸುವುದೇ ವಾಸಿ ಅನಿಸುತ್ತಿದೆ. ಬಡಗಿಗೆ ಪ್ಲೇಟೇ ಬೇಡವಂತೆ. ಅದು ಬೇರೆ ಕಥೆ.

ನನ್ನ ಚಿಂತೆ ತುಕ್ಕಿನದು. ಸಮುದ್ರದ ಉಪ್ಪುಗಾಳಿ, ಮೇಲೆ ಮಳೆಗಾಲ. ತೂತು ಕೊರೆದ ಮೇಲೆ ಗ್ಯಾಲ್ವನೈಸ್ (ಸತುವಿನ ಲೇಪ) ಮಾಡಿಸಬೇಕು, ಇಲ್ಲದಿದ್ದರೆ ತೂತಿನ ಅಂಚಿನಿಂದಲೇ ತುಕ್ಕು ಶುರು, ಅಲ್ವಾ? 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು, ಆದರೆ ರೇಟು ಜಾಸ್ತಿ.

ಬಿಸಿ ಸತುವಿನಲ್ಲಿ ಅದ್ದಿ ಗ್ಯಾಲ್ವನೈಸ್ ಮಾಡುವವರು ಗೋವಾದಲ್ಲಿ ಯಾರಿದ್ದಾರೆ? ಬೆಳಗಾವಿ ಉದ್ಯಮಬಾಗ್ ಆದರೂ ಪರವಾಗಿಲ್ಲ. ಮುಂಬೈಯವರೇ, ನಾಗದೇವಿ ಸ್ಟ್ರೀಟ್‌ನಲ್ಲಿ ರೆಡಿ ಪ್ಲೇಟ್ ಸಿಗುತ್ತಾ? 6 ಮಿ.ಮೀ. ದಪ್ಪ, 12 ಮಿ.ಮೀ. ಬೋಲ್ಟ್ ಅಂದುಕೊಂಡಿದ್ದೇನೆ. ಎಂಜಿನಿಯರ್‌ಗಳು ಇದ್ದರೆ ಇದು ಸಾಕಾ ಹೇಳಿ, ಅಳತೆಯ ಚಿತ್ರ ಕಳಿಸುತ್ತೇನೆ.